ಮಹಾಧ್ಯಕ್ಷರ ನಿಲುವಂಗಿಯ ಅಳತೆ

ಬಹಳ ಹಿಂದೆ ವಿಕಟಾವತಿ ಎಂಬ ರಾಜ್ಯವೊಂದಿತ್ತು. ಅದರ ದೊರೆ ಘನದೇವರು ಕಾಲಕ್ಕೆ ತಕ್ಕಂತೆ ನಡೆಯುವವರು. ಆದ್ದರಿಂದ ತಮ್ಮನ್ನು ಮಹಾಧ್ಯಕ್ಷರೆಂದು ಕರೆದುಕೊಂಡು ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಸುತ್ತಿದ್ದರು. ಗೆಲ್ಲುವವರು ಯಾರೆಂದು ತಿಳಿಯಲು ಪ್ರಜೆಗಳು ಪಂಡಿತರ ಬಳಿ ಹೋಗುತ್ತಿರಲಿಲ್ಲ. ಅರಮನೆಯ ದರ್ಜಿ ಸಿಂಪಿ ರಾಚಪ್ಪನ ಅಂಗಡಿಗೆ ಇಣುಕುತ್ತಿದ್ದರು. ಪಟ್ಟದ ನಿಲುವಂಗಿಗೆ ಹದಿನೈದು ದಿನದ ಜರಿ ಕೆಲಸ. ಎಣಿಕೆ ಮುಗಿಯುವವರೆಗೆ ಕಾದರೆ ಮುಹೂರ್ತ ತಪ್ಪುತ್ತದೆಂದು ಗೆದ್ದವರ ಅಳತೆಯನ್ನು ಮೊದಲೇ ತೆಗೆಯುವುದು ವಾಡಿಕೆ. ಈ ಸಮೀಕ್ಷೆ ಒಮ್ಮೆಯೂ ತಪ್ಪಿರಲಿಲ್ಲ.

ಈ ಸಲವೂ ಎದೆ ನಲವತ್ತೆಂಟು ಇಂಚು. ಘನದೇವರದ್ದು.

ಎದುರು ನಿಂತವರು ಬಾಳಯ್ಯ ಮಾಸ್ತರು, ಮೂವತ್ತೆರಡು ಇಂಚಿನ ಮನುಷ್ಯ. ದರ್ಜಿಗಳ ಕೇರಿಯಾದ ಸಿಂಪಿಗೇರಿಗೆ ನಲ್ಲಿ ಹಾಕಿಸುತ್ತೇನೆ ಎಂದಿದ್ದರು. ರಾಚಪ್ಪನ ಹೆಂಡತಿ ನಾಗವ್ವ ದಿನವೂ ಎರಡು ಮೈಲಿ ದೂರದ ಕೆರೆಯಿಂದ ನೀರು ಹೊರುತ್ತಿದ್ದಳು.

"ಏನ್ರೀ, ಮಾಸ್ತರದು ಅಳತಿ ತಗೊಂಡ್ರ್ಯೋ ಇಲ್ಲೋ?"

"ತಗೋ ಅಂತ ಯಾರೂ ಹೇಳಲಿಲ್ಲ."

"ಹಂಗಾದ್ರ ನನ್ನ ಸೊಂಟದ ಮ್ಯಾಲಿನ ಕೊಡ ಇಳಿಯೂದಿಲ್ಲ, ಬಿಡ್ರಿ."

ರಾಚಪ್ಪ ನಿಲುವಂಗಿಯ ಎರಡು ಬದಿಗೂ ಗಟ್ಟಿ ಹೊಲಿಗೆ ಹಾಕದೆ, ಎಳೆದರೆ ಬಿಚ್ಚುವಂತೆ ಕಚ್ಚಾ ಹೊಲಿಗೆ ಹಾಕಿದ.

ಗೆಲ್ಲುವವರು ಗೊತ್ತಾದ ಮೇಲೆ ಮತಗಟ್ಟೆಗೆ ಯಾರು ಬರುತ್ತಾರೆ ಎಂಬುದು ಮಂತ್ರಿ ಸ್ತುತಿಶೇಖರರ ಚಿಂತೆ. ಅವರು ಮತದಾನ ಜಾಗೃತಿ ಜಾಥಾ ಹೊರಡಿಸಿ ಡಂಗುರ ಹೊಡೆಸಿದರು: "ಫಲಿತಾಂಶ ಖಚಿತವಾಗಿದೆ. ಆದ್ದರಿಂದ ಎಲ್ಲರೂ ತಪ್ಪದೆ ಮತ ಹಾಕಿ!"

ಪ್ರಜೆಗಳು ತಪ್ಪದೆ ಹಾಕಿದರು. ನೂರಕ್ಕೆ ತೊಂಬತ್ತಮೂರು ಮಂದಿ ಬಂದರು. ಬಾಳಯ್ಯ ಮಾಸ್ತರು ಗೆದ್ದರು.

"ಪ್ರಭೂ, ಸಮೀಕ್ಷೆ ಸರಿಯಾಗಿಯೇ ಇದೆ," ಎಂದರು ಸ್ತುತಿಶೇಖರರು. "ಮತದಾರರು ಮಾತ್ರ ಸಮೀಕ್ಷೆಯಿಂದ ವಿಚಲಿತರಾಗಿದ್ದಾರೆ."

"ಎಂಥ ಸೂಕ್ಷ್ಮ ವಿಶ್ಲೇಷಣೆ!" ಎಂದಿತು ಆಸ್ಥಾನ.

ಮಾಸ್ತರಿಗೆ ನಿಲುವಂಗಿ ತೊಡಿಸಿದರು. ಗೂಟಕ್ಕೆ ನೇತುಹಾಕಿದಂತೆ ಕಂಡಿತು. ಅಂಗಿ ಒಪ್ಪದವರು ಅಧ್ಯಕ್ಷರಾಗುವುದು ಹೇಗೆಂದು ಮಂತ್ರಿಗಳು ವಿಷಾದಿಸಿದರು.

ರಾಚಪ್ಪ ಎದ್ದು ನಿಂತ. "ಒಡೆಯಾ, ಬದಿಗೆ ಕಚ್ಚಾ ಹೊಲಿಗಿ ಐತ್ರಿ. ಅರ್ಧ ತಾಸಿನಾಗ ಮಾಸ್ತರಿಗೆ ಹಿಡಿದು ಕೊಡ್ತೀನ್ರಿ."



"ದರ್ಜಿ ಬಟ್ಟೆಯ ಮಾತಾಡುತ್ತಿದ್ದಾನೆ," ಎಂದರು ಸ್ತುತಿಶೇಖರರು. "ನಾವು ಸಂವಿಧಾನದ ಮಾತಾಡುತ್ತಿದ್ದೇವೆ." ಆ ಕ್ಷಣವೇ ಭಟನೊಬ್ಬ ಬಂದು ರಾಚಪ್ಪನ ಕತ್ತರಿ ಇಸಿದುಕೊಂಡ.

ಘನದೇವರು ಕರುಣಾಳುಗಳು. "ಪ್ರಜೆಗಳ ತಪ್ಪನ್ನು ಪ್ರಜೆಗಳೇ ತಿದ್ದಿಕೊಳ್ಳಲಿ," ಎಂದು ಅಪ್ಪಣೆ ಕೊಡಿಸಿದರು. ಅಂಗಿ ಒಪ್ಪುವವರು ಗೆಲ್ಲುವವರೆಗೆ ದಿನವೂ ಮರುಮತದಾನ. ಅಲ್ಲಿಯವರೆಗೆ ಅಂಗಡಿ ಬಂದ್, ಶಾಲೆ ಬಂದ್. ನೀರಿನ ನೆಪ ಹೇಳಿ ಸಾಲು ಬಿಡುವವರಿದ್ದರಿಂದ ಕೆರೆಯ ದಾರಿಯೂ ಬಂದ್.

ಮೊದಲ ಮೂರು ದಿನವೂ ಮಾಸ್ತರೇ ಗೆದ್ದರು. ನಾಲ್ಕನೆಯ ದಿನ ಸಾಲಿನಲ್ಲಿ ನಾಗವ್ವ ಬರಿಗೊಡ ಹಿಡಿದು ಗಂಡನ ಹಿಂದೆ ನಿಂತಿದ್ದಳು.

"ಇವತ್ತು ಆ ನಲವತ್ತೆಂಟು ಇಂಚಿಗೇ ಒತ್ತಿ ಬರ್ರಿ," ಎಂದಳು.

"ನಲ್ಲಿ?"

"ನಲ್ಲಿ ಬ್ಯಾಡ. ಕೆರಿ ಬಿಟ್ರ ಸಾಕು."

ರಾಚಪ್ಪ ಹಾಗೆಯೇ ಮುದ್ರೆ ಒತ್ತಿ ಬಂದ. ಸಾಲಿನಲ್ಲಿ ಅವನ ಹಿಂದಿದ್ದವರೂ ಹಾಗೆಯೇ ಮಾಡಿದರು. ಮತದಾರರು ಪ್ರಬುದ್ಧರಾಗಿದ್ದಾರೆಂದು ಸಂಜೆ ಪ್ರಕಟವಾಯಿತು.

ಕಿರೀಟ ಧರಿಸಿದ ಘನದೇವರು ಪ್ರಜೆಗಳಿಗೆ ಕೃತಜ್ಞತೆ ಹೇಳಲು ಉಸಿರೆಳೆದುಕೊಂಡರು. ನಿಲುವಂಗಿಯ ಎರಡು ಬದಿಯ ಕಚ್ಚಾ ಹೊಲಿಗೆಯೂ ಒಟ್ಟಿಗೆ ಬಿಟ್ಟಿತು. ರಾಚಪ್ಪನಿಗೆ ಕರೆ ಹೋಯಿತು. ನಾಲ್ಕು ದಿನದ ಮುಂಗಡ ವಿಜಯೋತ್ಸವದ ಊಟಗಳಿಂದ ಅಳತೆ ಬೆಳೆದಿತ್ತು. ಈ ಸಲ ಮಂತ್ರಿಗಳು ಎದುರೇ ನಿಂತು ಎರಡು ಸಾಲು ಗಟ್ಟಿ ಹೊಲಿಗೆ ಹಾಕಿಸಿದರು. ಕಡಿಮೆ ಬಿದ್ದ ಜರಿ ಬಟ್ಟೆಗಾಗಿ ಕೆರೆಯ ನೀರಿಗೆ ಕೊಡಕ್ಕಿಷ್ಟೆಂದು ಸುಂಕ ಬಿತ್ತು.

ರಾಚಪ್ಪ ಕತ್ತರಿ ಮರಳಿ ಪಡೆದು ಮನೆಗೆ ಬಂದಾಗ ನಾಗವ್ವ ಬಾಗಿಲಲ್ಲಿದ್ದಳು.

"ಅಳತಿ ಎಷ್ಟಾತ್ರೀ?"

"ಐವತ್ತೊಂದು."

"ಹಂಗಾದ್ರ ಮುಂದಿನ ಸಲದ್ದೂ ಗೊತ್ತಾತು," ಎಂದು ಅವಳು ಕೊಡ ಎತ್ತಿಕೊಂಡು ಕೆರೆಗೆ ಹೊರಟಳು.