ಕಣ್ಣಿಗೆಲ್ಲಿ ರೀವರ್ಕು

ವೆಂಕಟಮ್ಮ: ಡ್ರಾಪ್ಸ್ ಹಾಕೋದು ಯಾವಾಗ ನಿಲ್ಲಿಸ್ದೆ, ಅದನ್ನೇಳು ಮೊದ್ಲು.

ಮುರಿಗೆಪ್ಪ: ಕಣ್ಣು ಚಲೋ ಕಾಣಾಕತ್ತೇತ್ರಿ ಅಕ್ಕಾರ. ಚಲೋ ಇದ್ದದ್ದಕ್ಕ ಔಷಧ ಯಾಕ್ರಿ?

ರಾಜಗೋಪಾಲನಗರದ ಆ ವಠಾರ ವೆಂಕಟಮ್ಮನದು. ಮುರಿಗೆಪ್ಪ ಬಾಡಿಗೆಯವನು, ಪೀಣ್ಯದಲ್ಲಿ ಗ್ರೈಂಡಿಂಗ್ ಕೆಲಸ, ಹೆಂಡತಿ ಊರಲ್ಲಿ. ಕಿಡಿ ಸಿಡಿದು ಕರಿಗುಡ್ಡೆ ಮೇಲಿನ ಗಾಜಿನಂಥ ಪೊರೆ ಹಾಳಾಗಿ, ಸತ್ತವರ್ಯಾರದ್ದೋ ಹಾಕಿಸಿಕೊಂಡಿದ್ದ. ಆಸ್ಪತ್ರೆಗೆ ಕರೆದೊಯ್ದವಳೂ ವೆಂಕಟಮ್ಮನೇ. ಈಗ ಆ ಕಣ್ಣು ಕೆಂಡ. ಇವನೋ ಊಟದ ಡಬ್ಬಿ ಹಿಡಿದು ಡ್ಯೂಟಿಗೆ ಹೊರಟಿದ್ದಾನೆ.

ವೆಂಕಟಮ್ಮ: ಕೆಂಪಾದ್ರೆ ಅವತ್ತೇ ಬಾ ಅಂದ್ರು ಡಾಕ್ಟ್ರು. ಡ್ರಾಪ್ಸ್ ಬಿಟ್ರೆ ನಿನ್ ಮೈ ಆ ಪೊರೇನ ರಿಜೆಕ್ಟ್ ಮಾಡ್ತದೆ ಅಂದ್ರು. ಪಕ್ಕದಾಗೇ ನಿಂತಿದ್ದೆ ನಾನು.

ಮುರಿಗೆಪ್ಪ: ರಿಜೆಕ್ಟ್ ಆದ್ರ ಏನಾತ್ರಿ? ನಮ್ಮ ಶಾಪಿನ್ಯಾಗ ದಿನಾ ಪೀಸ್ ರಿಜೆಕ್ಟ್ ಆಗ್ತಾವ. ಮಾಲು ಚೆಕ್ ಮಾಡೋ ಕ್ಯೂಸಿಯವ ಕೆಂಪು ಬಣ್ಣ ಹಚ್ಚತಾನ, ನಾವು ತಿದ್ದಿ ರೀವರ್ಕ್ ಮಾಡಿ ಕಳಸ್ತೀವಿ.

ವೆಂಕಟಮ್ಮ: ನಿನಗೂ ಬಣ್ಣ ಹಚ್ಚಾಯ್ತು, ಕನ್ನಡಿ ನೋಡ್ಕೊ. ರೀವರ್ಕ್ ಯಾರು ಮಾಡ್ತಾರೆ, ನಿನ್ ಕ್ಯೂಸಿಯವನಾ?

ಮುರಿಗೆಪ್ಪ: ಹಂಗಾದ್ರ ಬ್ಯಾರೇದು ಹಾಕ್ತಾರ ಬಿಡ್ರಿ.

ವೆಂಕಟಮ್ಮ: ಗೋಡೌನಲ್ಲಿ ಸ್ಟಾಕ್ ಮಡಗವ್ರೆ ನಿನಗೆ? ಒಬ್ರು ಸತ್ರೆ ತಾನೆ ಒಂದು ಕಣ್ಣು ಬರಾದು? ಒಂದ್ಸಲ ಬ್ಯಾಡ ಅಂದ ಮೈ, ಎರಡನೇದನ್ನ ಇನ್ನೂ ಬೇಗ ಬ್ಯಾಡ ಅಂತದಂತೆ.

ಮುರಿಗೆಪ್ಪ ನೆಲ ನೋಡಿದ. ಹೋದ ವರ್ಷ ಗಂಡ ಶ್ಯಾಮಣ್ಣ ತೀರಿಕೊಂಡಾಗ ವೆಂಕಟಮ್ಮ ಹೆಬ್ಬೆಟ್ಟೊತ್ತಿ ಅವನ ಕಣ್ಣು ಕೊಟ್ಟದ್ದು ವಠಾರಕ್ಕೆಲ್ಲ ಗೊತ್ತು. ಮುರಿಗೆಪ್ಪನ ಆಪರೇಷನ್ ಆದದ್ದೂ ಅದೇ ತಿಂಗಳು.

ಮುರಿಗೆಪ್ಪ: ಅಕ್ಕಾರ, ಇದು ಶ್ಯಾಮಣ್ಣ ಮಾಲಕರ ಕಣ್ಣೇನ್ರಿ?

ಆ ಪ್ರಶ್ನೆ ಆಕೆಗೂ ಎಷ್ಟೋ ಸಲ ಬಂದಿತ್ತು. ನುಂಗಿಕೊಂಡಿದ್ದಳು.

ವೆಂಕಟಮ್ಮ: ಯಾರದು ಅಂತ ಅವ್ರು ಏಳಾಕಿಲ್ಲ. ಯಾಕೆ?

ಮುರಿಗೆಪ್ಪ: ನೀವು ಎದುರಿಗೆ ಬಂದ್ರ ತಾನ ಕೆಳಗ ಬಗ್ಗತೈತ್ರಿ.

ವೆಂಕಟಮ್ಮ: ಅಂಗಾದ್ರೆ ಅವರದಲ್ಲ. ಅವ್ರು ಬಗ್ಗಿಸ್ತಿರ್ಲಿಲ್ಲ, ಟೀವಿ ಕಡೆ ತಿರುಗಿಸ್ತಿದ್ರು.

ಮುರಿಗೆಪ್ಪ: ನಿಮ್ಮ ಮಾತು ಕೇಳ್ತಿದ್ದಿಲ್ಲೇನ್ರಿ?

ವೆಂಕಟಮ್ಮ: ಬಿಪಿ ಮಾತ್ರೆ ತಗೊಳ್ರಿ ಅಂದೆ. ಚೆನ್ನಾಗೇ ಇವ್ನಿ, ಯಾಕೆ ನುಂಗ್ಲಿ ಅಂದ್ರು. ಅದಕ್ಕೇ ಅವರ ಕಣ್ಣು ಇವತ್ತು ಯಾರ ಮುಖದಾಗೋ ಐತೆ.

ಮುರಿಗೆಪ್ಪ ಡಬ್ಬಿ ಕೆಳಗಿಟ್ಟ.

ಮುರಿಗೆಪ್ಪ: ಆಟೋ ಕರೀಲೇನ್ರಿ?

ವೆಂಕಟಮ್ಮ: ಕರಿ. ಸೆರಗು ಕಟ್ಕೊಂಡು ಬತ್ತೀನಿ.

ಅವನ ಕೈ ಮೆಲ್ಲಗೆ ತುಂಬಿಬಂದ ಕಣ್ಣಿನ ಕಡೆ ಹೋಯಿತು.

ವೆಂಕಟಮ್ಮ: ಉಜ್ಜಬ್ಯಾಡ. ಅಳಂಗಿದ್ರೆ ಕೈಕಟ್ಕೊಂಡು ಅಳು.