ಮಲ್ಲಾವತಿಯ ಮೀಸೆ ಕಾಯಿದೆ

ಬಹಳ ಹಿಂದೆ, ಸೋಲುವುದು ಇನ್ನೂ ಕಾನೂನುಬಾಹಿರವಾಗಿರದ ಕಾಲದಲ್ಲಿ, ಮಲ್ಲಾವತಿ ಎಂಬ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದ ಶ್ರೀಮನ್ಮಹಾರಾಜ ಜಯಘೋಷವರ್ಮರಿಗೆ ಏಳುವಾಗ ಒಂದು, ಮಲಗುವಾಗ ಒಂದು ಜಯಘೋಷ ಕಿವಿಗೆ ಬೀಳದಿದ್ದರೆ ತಿಂದ ಅನ್ನ ಅರಗುತ್ತಿರಲಿಲ್ಲ. ನಡುವೆ ಬೇಕೆನಿಸಿದರೆ ಮಹಾಮಂತ್ರಿ ಸಮ್ಮತಿಸಾಗರರು ಪಕ್ಕದಲ್ಲೇ ಇದ್ದರು.

ಆ ರಾಜ್ಯಕ್ಕೆ ಕುಸ್ತಿಯೆಂದರೆ ಪ್ರಾಣ. ಕಾರಣವಿಲ್ಲದೆ ಅಲ್ಲ. ಮಲ್ಲಾವತಿಗೂ ನೆರೆಯ ಕಲ್ಗುಂಡಿಗೂ ನಡುವೆ ಒಂದೇ ಒಂದು ಕೆರೆ. ನೀರಿಗಾಗಿ ಬಡಿದಾಡಿ ಸಾಯುವುದು ಬೇಡವೆಂದು ಅಜ್ಜಂದಿರ ಕಾಲದಲ್ಲೇ ಒಪ್ಪಂದವಾಗಿತ್ತು. ವರ್ಷಕ್ಕೊಮ್ಮೆ ಎರಡೂ ಕಡೆಯಿಂದ ಒಂದೊಂದು ಮಗು ಮಟ್ಟಿಗೆ, ಅಂದರೆ ಕುಸ್ತಿಯ ಕೆಮ್ಮಣ್ಣಿಗೆ, ಇಳಿಯಬೇಕು. ಯಾರ ಬೆನ್ನು ಮಣ್ಣಿಗೆ ತಾಗಿತೋ ಅವರ ಕಡೆಯ ತೂಬು ಆ ವರ್ಷವಿಡೀ ಬಂದ್. ಹೀಗಾಗಿ ಒಳ್ಳೆಯ ಜಟ್ಟಿಯನ್ನು ಕಳಿಸುವುದು ಎಲ್ಲರ ಗಂಟಲಿನ ಪ್ರಶ್ನೆಯಾಗಿತ್ತು.

ಮಕ್ಕಳನ್ನು ತಯಾರು ಮಾಡುತ್ತಿದ್ದವನು ರಾಜಗರಡಿಯ ಉಸ್ತಾದ್ ವಜ್ರಪ್ಪ. ಆತ ವಿದ್ಯಾವಂತ, ಅದರಲ್ಲಿ ಎರಡು ಮಾತಿಲ್ಲ. ಗಂಟಲು ಮಾತ್ರ ಎರಡಿತ್ತು. ಸರದಾರರ ಮಕ್ಕಳು ತಮ್ಮ ಲಂಗೋಟಿಗೆ ತಾವೇ ಎಡವಿ ಬಿದ್ದರೆ "ಆಹಾ, ಎಂಥ ನವೀನ ಪಟ್ಟು!" ಎನ್ನುತ್ತಿದ್ದ. ಉಳಿದವರ ಮಕ್ಕಳು ಗೆದ್ದರೆ "ಏನು, ಕೊಬ್ಬಾ? ಹೋಗಿ ಇನ್ನೂರು ಬಸ್ಕಿ ಹೊಡಿ" ಎಂದು ಗದರುತ್ತಿದ್ದ.

ಮಟ್ಟಿಯ ಸುತ್ತ ಸರದಾರರ ಪೋಷಕ ಮಹಾಮಂಡಲ ಛತ್ರಿ ಬಿಡಿಸಿಕೊಂಡು ಕೂರುತ್ತಿತ್ತು. ಅವರದೊಂದು ಪಾರಿವಾಳ ಗ್ರೂಪ್ ಇತ್ತು. ಒಬ್ಬರು ಶುಭೋದಯ ಬರೆದು ಹಾರಿಬಿಟ್ಟರೆ ಉಳಿದವರೆಲ್ಲ ಶುಭೋದಯ ಬರೆದು ಹಾರಿಬಿಡುವರು. ಬೆಳಗಿನ ಹೊತ್ತು ಗರಡಿಯ ಮೇಲೆ ಸೂರ್ಯ ಕಾಣುತ್ತಿರಲಿಲ್ಲ. ಆಮೇಲೆ ದೂರುಗಳು. ಮಣ್ಣು ಗಟ್ಟಿಯಾಯಿತು. ಎದುರಾಳಿ ಜಾಸ್ತಿ ಬೆವರುತ್ತಾನೆ, ನಮ್ಮ ಮಗುವಿಗೆ ಅಲರ್ಜಿ. ಒಬ್ಬ ತಾಯಿ ತನ್ನ ಮಗನನ್ನು ಎತ್ತಿ ಹಾಕುವ ಮುನ್ನ ಲಿಖಿತ ನೋಟಿಸ್ ಕೊಡಬೇಕೆಂದೂ ಕೇಳಿದ್ದಳು.

ಆ ವರ್ಷದ ಆಯ್ಕೆ ಕುಸ್ತಿಯಲ್ಲಿ ಮಹಾಮಂಡಲದ ಅಧ್ಯಕ್ಷ ಸರದಾರ ಕನಕಭೂಷಣರ ಸುಪುತ್ರ ತೇಜಸ್ಕುಮಾರನಿಗೆ ಜೋಡಿಯಾಗಿ ಬಂದವಳು ಚಿಕ್ಕತಾಯಿ. ಗರಡಿಯ ಮಣ್ಣು ಅಗೆದು, ಎಣ್ಣೆ ಅರಿಶಿನ ಹಾಕಿ ತುಳಿದು ಹದ ಮಾಡುವ ಮಂಚಯ್ಯನ ಮಗಳು. ಅವಳು ನಡೆಯಲು ಕಲಿತದ್ದೇ ಆ ಮಣ್ಣಿನಲ್ಲಿ. ಉಸ್ತಾದ್ ಸೀಟಿ ಊದಿದ. ತೇಜಸ್ಕುಮಾರ ತಾಯಿಯ ಕಡೆ ಕೈಬೀಸಿದ. ಬೀಸಿದ ಕೈ ಇಳಿಸುವಷ್ಟರಲ್ಲಿ ಆಕಾಶ ನೋಡುತ್ತಾ ಮಲಗಿದ್ದ.

ಗೆದ್ದವರ ಕೈಯನ್ನು ಉಸ್ತಾದ್ ಹಿಡಿದು ಮೇಲೆತ್ತುವುದು ಗರಡಿಯ ಪದ್ಧತಿ. ಚಿಕ್ಕತಾಯಿ ಬಲಗೈ ಮುಂದೆ ಚಾಚಿ ನಿಂತಳು. ವಜ್ರಪ್ಪ ಒಮ್ಮೆ ಅವಳ ಕೈ ನೋಡಿದ, ಒಮ್ಮೆ ಛತ್ರಿಗಳ ಕಡೆ ನೋಡಿದ, ಆಮೇಲೆ ತನ್ನ ಸೀಟಿಯಲ್ಲಿ ಏನೋ ಸಿಕ್ಕಿಕೊಂಡಿದೆ ಎಂಬಂತೆ ಅದನ್ನೇ ಪರೀಕ್ಷಿಸತೊಡಗಿದ.

ಮಾರನೇ ದಿನ ಕನಕಭೂಷಣರು ಆಸ್ಥಾನದಲ್ಲಿದ್ದರು.

"ಮಹಾಪ್ರಭು, ನನ್ನ ಮಗ ಸೋತಿಲ್ಲ. ಅವನ ಗೆಲುವನ್ನು ತಾತ್ಕಾಲಿಕವಾಗಿ ತಡೆಹಿಡಿಯಲಾಗಿದೆ."

"ಬೆನ್ನು ಮಣ್ಣಿಗೆ ತಾಗಿತಂತಲ್ಲಾ?" ಎಂದರು ಮಹಾರಾಜರು.

"ಬಂದು ತಾಗಿದ್ದು ಮಣ್ಣು, ಪ್ರಭು. ಬೆನ್ನು ತನ್ನ ಪಾಡಿಗೆ ತಾನಿತ್ತು."

ಸಭೆ ತಲೆದೂಗಿತು. ಸಮ್ಮತಿಸಾಗರರು ಎದ್ದರು. "ಪ್ರಭು, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಹಿರಿಯರು ಹೇಳಿಲ್ಲವೇ? ಅದನ್ನು ಗಾದೆಯೆಂದು ತಿಳಿದು ಆಡಳಿತ ಇಷ್ಟು ಕಾಲ ನಿದ್ದೆ ಹೊಡೆಯಿತು. ಅದು ಜಾರಿಯಾಗದೆ ಉಳಿದ ಕಾಯಿದೆ."

"ಆದರೆ ಹುಡುಗನಿಗೆ ಮೀಸೆಯೇ ಇಲ್ಲವಲ್ಲ?"

"ಅವರ ತಂದೆಯವರಿಗಿದೆ, ಪ್ರಭು."

ಎಲ್ಲರೂ ಕನಕಭೂಷಣರ ಮೀಸೆಯತ್ತ ತಿರುಗಿದರು. ಎರಡೂ ತುದಿಯಲ್ಲಿ ಒಂದೊಂದು ನಿಂಬೆಹಣ್ಣು ನಿಲ್ಲಿಸಬಹುದಾದ ಮೀಸೆ. ಕುಸ್ತಿಯ ಹೊತ್ತಿನಲ್ಲಿ ಅವರು ನೆರಳಿನಲ್ಲಿ ಬಾದಾಮಿ ಹಾಲು ಕುಡಿಯುತ್ತಿದ್ದುದರಿಂದ ಅದರಲ್ಲಿ ಒಂದಿಷ್ಟು ಕೆನೆ ಇತ್ತೇ ಹೊರತು ಮಣ್ಣಿರಲಿಲ್ಲ.

ಸಂಜೆಗೆ ಡಂಗುರ ಸಾರಿದರು. ಇನ್ನು ಮುಂದೆ ಮಟ್ಟಿಯಲ್ಲಿ ಬಿದ್ದವರಾರು ಎಂಬ ಪ್ರಶ್ನೆ ಅಪ್ರಸ್ತುತ. ಸ್ಪರ್ಧಿಯ ತಂದೆಯ ಮೀಸೆ ಮಣ್ಣಾಗಿದ್ದರೆ ಮಾತ್ರ ಸೋಲು. ಹೆತ್ತವಳ ಪಾತ್ರವೇನೆಂದು ಸರದಾರರ ಪತ್ನಿಯರು ಸಿಡಿದೆದ್ದಾಗ, ಗಂಡನ ಮೀಸೆಗೆ ಛತ್ರಿ ಹಿಡಿಯುವ ಹಕ್ಕನ್ನು ಅವರಿಗೆ ಕೊಟ್ಟು ಮಹಿಳಾ ಸಬಲೀಕರಣ ಮಾಡಲಾಯಿತು.

ಮರುಕುಸ್ತಿ ನಡೆಯಿತು. ಚಿಕ್ಕತಾಯಿ ತೇಜಸ್ಕುಮಾರನನ್ನು ಈ ಸಲ ಕೊಂಚ ಮೆಲ್ಲಗೆ ಮಲಗಿಸಿದಳು. ಹಿಂದಿನ ಸಲ ಪೆಟ್ಟಾಗಿತ್ತೇನೋ ಎಂಬ ಅಳುಕು ಅವಳಿಗೆ. ಮೀಸೆ ಪರಿವೀಕ್ಷಕ ಬಿಳಿ ವಸ್ತ್ರ ಹಿಡಿದು ಬಂದು ಮೊದಲು ಕನಕಭೂಷಣರ ಮೀಸೆ ಒರೆಸಿದ. ಶುಭ್ರ. ಆಮೇಲೆ ಮಂಚಯ್ಯನ ಮೀಸೆ ಒರೆಸಿದ. ವಸ್ತ್ರ ಕೆಂಪಾಯಿತು.

"ಅಯ್ಯೋ ಬುದ್ಧಿ, ಮಣ್ ಕೆಲ್ಸ ಮಾಡೋನ್ ಮೀಸೆಲಿ ಮಣ್ಣಿಲ್ದೆ ಗಂಧ ಇದ್ದಾದಾ?" ಎಂದ ಮಂಚಯ್ಯ.

"ಅದು ನಿಮ್ಮ ವೈಯಕ್ತಿಕ ಆಯ್ಕೆ," ಎಂದು ಪರಿವೀಕ್ಷಕ ಮುಂದೆ ಹೋದ.

ಚಿಕ್ಕತಾಯಿ ನೇರ ಉಸ್ತಾದನ ಮುಂದೆ ನಿಂತಳು. "ಉಸ್ತಾದ್ರೇ, ಪದಕ ಅವ್ನೇ ಮಡೀಕಳ್ಲಿ. ನಂಗೆ ಬ್ಯಾಡ. ಎಲ್ರ ಮುಂದೆ ಒಂದ್ಸಲ ನನ್ ಕೈ ಎತ್ಬುಡಿ, ಸಾಕು."

ವಜ್ರಪ್ಪ ಗಂಟಲು ಸರಿಮಾಡಿಕೊಂಡ. "ನೋಡವ್ವ, ಕ್ರೀಡಾ ಮನೋಭಾವ ಅಂದ್ರೇನು? ಗೆದ್ದೋರು ಸೋಲನ್ನ ನಗ್‌ನಗ್ತಾ ಒಪ್ಕಬೇಕು."

ಮನೆಗೆ ಬಂದ ಮಗಳು ಉಣ್ಣಲಿಲ್ಲ. "ಅಪ್ಪೋ, ನಾನ್ ಗೆದ್ನೋ, ಸೋತ್ನೋ? ನೀನಾರ ಹೇಳು." ಮಂಚಯ್ಯ "ಗೆದ್ದೆ ಕಣವ್ವ" ಎಂದ. ಆದರೆ ತಾನು ಹೇಳಿದರೆ ಅದು ಎಣಿಕೆಗೆ ಬರುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಎದ್ದು ಹೋಗಿ ಮೀಸೆ ಬೋಳಿಸಿಕೊಂಡು ಬಂದ. ತನ್ನ ಅಪ್ಪ ತೀರಿಕೊಂಡಾಗ ಒಮ್ಮೆ ಬಿಟ್ಟರೆ ಅವನು ಅದನ್ನು ಎಂದೂ ತೆಗೆಸಿದವನಲ್ಲ.

ಮೀಸೆಯೇ ಇಲ್ಲದ ಮೇಲೆ ಮಣ್ಣಾಗುವುದೆಲ್ಲಿಂದ ಎಂದು ಅಪ್ಪ ಮಗಳು ಧೈರ್ಯವಾಗಿ ಮೇಲ್ಮನವಿಗೆ ಬಂದರು. ಪರಿವೀಕ್ಷಕ ಬೆವರಿ, ವಿಷಯವನ್ನು ಥರ್ಡ್ ಅಂಪೈರಿಗೆ, ಅಂದರೆ ಸಮ್ಮತಿಸಾಗರರಿಗೆ, ಒಪ್ಪಿಸಿದ. ಅವರು ಕಣ್ಣು ಮುಚ್ಚಿ ಧ್ಯಾನಿಸಿ ತೀರ್ಪು ಕೊಟ್ಟರು: "ಮೀಸೆಯಿಲ್ಲದವನು ಕಾಯಿದೆಯ ಪ್ರಕಾರ ತಂದೆಯಲ್ಲ. ಇದು ಪೋಷಕರ ಆಟ. ಪೋಷಕರಿಲ್ಲದ ಮಗುವಿಗೆ ಪ್ರವೇಶವಿಲ್ಲ."

ಮಂಚಯ್ಯನ ಬೋಳು ತುಟಿಯನ್ನು ನೋಡಿ ಛತ್ರಿಗಳಡಿಯಲ್ಲಿ ನಗು ಎದ್ದಿತು. ಓದುಗರೇ, ನಾನು ತಮಾಷೆಗೆ ಕಥೆ ಹೇಳುವವನು, ಆದರೂ ಆ ನಗುವನ್ನು ನೆನೆದರೆ ಮೈ ಉರಿಯುತ್ತದೆ. ವಜ್ರಪ್ಪನೂ ನಕ್ಕ. ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ನಕ್ಕ.

ಹೀಗೆ ತೇಜಸ್ಕುಮಾರ ಕಲ್ಗುಂಡಿಯೆದುರು ಮಲ್ಲಾವತಿಯ ಜಟ್ಟಿಯಾದ. ಕಲ್ಗುಂಡಿಯ ಹುಡುಗ ನಮಸ್ಕಾರ ಮಾಡಿದ, ಎತ್ತಿದ, ಮಲಗಿಸಿದ, ಇನ್ನೊಮ್ಮೆ ನಮಸ್ಕಾರ ಮಾಡಿದ. ತೇಜಸ್ಕುಮಾರ ಅಳುತ್ತಾ ತಂದೆಯ ಬಳಿ ಓಡಿದ.

"ಅಪ್ಪಾಜೀ, ನಾನು ಸೋತುಹೋದೆ."

"ಶ್! ಹಾಗನ್ನಬಾರದು ಕಂದಾ. ರಾಜದ್ರೋಹವಾಗುತ್ತದೆ."

ಆ ಇಡೀ ರಾಜ್ಯದ ಸರದಾರವರ್ಗದಲ್ಲಿ ಒಂದು ನಿಜ ಆಡಿದವನು ಆ ಹುಡುಗನೊಬ್ಬನೇ. ಅವನ ಬಾಯನ್ನೂ ಮುಚ್ಚಿಸಲಾಯಿತು. ಪರಿವೀಕ್ಷಕ ಮೀಸೆ ಒರೆಸಿ ವಸ್ತ್ರವನ್ನು ಎತ್ತಿ ತೋರಿಸಿದ. ಜಯಘೋಷ ಮೊಳಗಿತು. ಕಲ್ಗುಂಡಿಯ ಮಂತ್ರಿ ಗದ್ದಲ ಅಡಗುವ ತನಕ ಕಾದು ವಿನಯದಿಂದ ಹೇಳಿದ: "ಗೆಲುವು ನಿಮಗೇ ಇರಲಿ. ತೂಬಿನ ಬೀಗದ ಕೈ ನಮಗೆ ಕೊಡಿ." ಗೆದ್ದ ಸಂಭ್ರಮದಲ್ಲಿದ್ದ ಮಹಾರಾಜರು ಉದಾರವಾಗಿ ಕೊಟ್ಟುಬಿಟ್ಟರು.

ವಜ್ರಪ್ಪನಿಗೆ ಗುರುಕುಲಭೂಷಣ ಬಿರುದು ಬಂತು. ಚೌಕದಲ್ಲಿ ಕನಕಭೂಷಣರ ಮೀಸೆಯನ್ನು ಕಲ್ಲಿನಲ್ಲಿ ಕಡೆದು, ಕಿರೀಟವಿಟ್ಟು, ರಾಷ್ಟ್ರೀಯ ಮೀಸೆಯೆಂದು ಘೋಷಿಸಲಾಯಿತು. ಅಷ್ಟರಲ್ಲಿ ತೂಬು ಮುಚ್ಚಿ ಗದ್ದೆಗಳು ಒಣಗಿ ಊರಿನ ತುಂಬ ಧೂಳೆದ್ದಿತ್ತು. ಧೂಳೆಂದರೆ ಮಣ್ಣೇ ತಾನೇ! ರಾಷ್ಟ್ರೀಯ ಮೀಸೆ ಮಣ್ಣಾದರೆ ರಾಜ್ಯವೇ ಸೋತಂತಲ್ಲವೇ? ಮಹಾರಾಜರಿಗೆ ನಿದ್ದೆ ಹತ್ತಲಿಲ್ಲ. ಮನೆಗೊಂದು ಕೊಡ ಕುಡಿಯುವ ನೀರು ತಂದು ದಿನಾ ಮೀಸೆ ತೊಳೆಯತಕ್ಕದ್ದೆಂದು ಆಜ್ಞೆಯಾಯಿತು. ಸಾಲು ನೋಡಿಕೊಳ್ಳುವ ಹೊಣೆ ಗುರುಕುಲಭೂಷಣನಿಗೆ ಬಿತ್ತು.

ಬಾವಿಯ ತಳ ಕೆರೆದು ತುಂಬಿದ ಕೊಡ ಹೊತ್ತು ಚಿಕ್ಕತಾಯಿಯೂ ಸಾಲಿನಲ್ಲಿ ಬಂದಳು. ಅವಳು ಹತ್ತಿರವಾದಾಗ ವಜ್ರಪ್ಪ ಬಗ್ಗಿ ಪಿಸುಗುಟ್ಟಿದ. "ಚಿಕ್ಕತಾಯಿ, ಅವತ್ತು ಗೆದ್ದೋಳು ನೀನೇ ಕಣವ್ವ. ನಿನ್ನ ಕಳ್ಸಿದ್ರೆ ನೀರು ಉಳೀತಿತ್ತು."

ಅವಳು ಕೊಡವನ್ನು ಎಡ ಸೊಂಟಕ್ಕೆ ಬದಲಾಯಿಸಿಕೊಂಡು ಬಲಗೈ ಚಾಚಿದಳು. "ಅಂಗಾರೆ ಈಗ ಎತ್ತಿ, ಉಸ್ತಾದ್ರೇ. ಊರೆಲ್ಲಾ ಇಲ್ಲೇ ಅದೆ."

ಸಾಲು ಗಕ್ಕನೆ ನಿಂತಿತು. ವಜ್ರಪ್ಪ ಆ ಕೈಯನ್ನು ಹಿಡಿಯಲೆಂದು ತನ್ನ ಕೈಯನ್ನು ಅರ್ಧದವರೆಗೆ ತಂದ ಕೂಡ. ಆಚೆ ಛತ್ರಿಯಡಿಯಲ್ಲಿ ಯಾರೋ ಕೆಮ್ಮಿದರು. ಆ ಕೈ ಸೀಟಿಯ ಕಡೆ ಹೊರಳಿತು. ಜೋರಾಗಿ ಊದಿದ.

"ಮುಂದಿನ ಕೊಡ!"

ಚಿಕ್ಕತಾಯಿ ಎರಡು ಹೆಜ್ಜೆ ಮುಂದೆ ಹೋಗಿ, ಮನೆಯ ಆ ದಿನದ ನೀರನ್ನು ಕಲ್ಲಿನ ಮೀಸೆಯ ಮೇಲೆ ಸುರಿದಳು.