ಇಪ್ಪತ್ತು ವರ್ಷದ ಸಾಲ, ಇಪ್ಪತ್ತೆರಡು ವರ್ಷ ಬಾಕಿ

ಮನೆ ಸಾಲ ಇರೋರ ಮನೆಯಲ್ಲಿ ನಗೋ ಅಂಥದ್ದು ಏನಿರುತ್ತೆ ಅಂತ ನೀವು ಕೇಳಬಹುದು. ಅಳೋ ಅಂಥದ್ದೇ ಒಂದರ ಹಿಂದೆ ಒಂದು ಬರ್ತಾ ಇರುತ್ತೆ. ಆದರೆ ಪ್ರತಿ ಸಲ ಅಳ್ತಾ ಕೂತರೆ ಕೆಲಸಕ್ಕೆ ಹೊತ್ತಾಗುತ್ತಲ್ಲ, ಅದಕ್ಕೆ ನಕ್ಕು ಎದ್ದು ಹೋಗೋದು ಅಭ್ಯಾಸ ಆಗಿಬಿಡುತ್ತೆ.

ನಾನು ದೊಡ್ಡಬಳ್ಳಾಪುರದ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಕ್ಲರ್ಕ್. ನಮ್ಮೆಜಮಾನರದ್ದು ನಾಲ್ಕು ಪವರ್‌ಲೂಮ್. ಕೆಳಗೆ ಮಗ್ಗ, ಮೇಲೆ ನಾವಿಬ್ಬರು ಮತ್ತು ನಮ್ಮತ್ತೆ. ಆ ಮೇಲಿನ ಮನೆ ಕಟ್ಟೋಕೆ ಬ್ಯಾಂಕಿನಲ್ಲಿ ಇಪ್ಪತ್ತು ವರ್ಷದ ಸಾಲ ಮಾಡಿದ್ದೆವು.

ಎಷ್ಟು ಬಾಕಿ

ಐದು ವರ್ಷ ಒಂದು ಕಂತೂ ತಪ್ಪಿಸಿರಲಿಲ್ಲ. ನೂಲಿನ ರೇಟು ಏರಿ, ಸೀರೆ ಕೇಳೋರೇ ಇಲ್ಲದ ತಿಂಗಳುಗಳಲ್ಲಿ ನನ್ನ ಸಂಬಳ ಬಂದ ದಿನವೇ ಕಂತಿಗೆ ಹೋಗಿಬಿಡುತ್ತಿತ್ತು. ಇಷ್ಟು ಕಟ್ಟಿದ್ದೀವಲ್ಲ, ಇನ್ನೆಷ್ಟು ಉಳಿದಿದೆ ನೋಡಿಕೊಂಡು ಬರೋಣ ಅಂತ ಒಂದು ದಿನ ಇಬ್ಬರೂ ಬ್ಯಾಂಕಿಗೆ ಹೋದೆವು. ಮನಸ್ಸಿನಲ್ಲಿ ಹದಿನೈದು ವರ್ಷ ಅಂತ ಲೆಕ್ಕ ಇತ್ತು.

ಮ್ಯಾನೇಜರ್ ಬಹಳ ಮರ್ಯಾದಸ್ಥರು. ಕಂಪ್ಯೂಟರ್ ನೋಡಿ, "ಇನ್ನು ಇಪ್ಪತ್ತೆರಡು ವರ್ಷ ಮೇಡಂ" ಅಂದರು.

"ಸಾರ್, ಅದು ಬೇರೆ ಯಾರದ್ದೋ ಇರಬೇಕು. ಇನ್ನೊಂದ್ಸಲ ನೋಡಿ."

ಅವರು ನಮ್ಮ ಕಡೆಗೇ ಪರದೆ ತಿರುಗಿಸಿದರು. ನಮ್ಮ ಹೆಸರೇ ಇತ್ತು. "ಮಧ್ಯದಲ್ಲಿ ಬಡ್ಡಿ ಏರಿತಲ್ಲ ಮೇಡಂ. ನಿಮಗೆ ಭಾರ ಆಗ್ಬಾರ್ದು ಅಂತ ಕಂತು ಅಷ್ಟೇ ಇಟ್ಟು, ವರ್ಷ ಜಾಸ್ತಿ ಮಾಡಿದ್ದೀವಿ. ಮೆಸೇಜ್ ಬಂದಿರುತ್ತೆ ನೋಡಿ."

ಮೆಸೇಜ್ ಬಂದಿತ್ತು. ಹಬ್ಬದ ಶುಭಾಶಯ ಅಂದುಕೊಂಡು ನಾನೇ ಅಳಿಸಿದ್ದೆ.

ಯಜಮಾನರು ಬೆರಳು ಮಡಚಿ ಲೆಕ್ಕ ಹಾಕಿ ಮೆಲ್ಲಗೆ ಕೇಳಿದರು. "ಸಾರ್, ಆಗ ನನಗೆ ಎಪ್ಪತ್ತೊಂದು ವರ್ಷ ಆಗಿರುತ್ತಲ್ಲ?"

"ಅದಕ್ಕೇನು ಯೋಚ್ನೆ ಮಾಡ್ಬೇಡಿ ಸಾರ್. ಹಿರಿಯ ನಾಗರಿಕರಿಗೆ ನಮ್ಮಲ್ಲಿ ಬೇರೆ ಕೌಂಟರ್ ಇದೆ. ಕ್ಯೂನಲ್ಲಿ ನಿಲ್ಲೋದೇ ಬೇಡ."

ಎರಡು ಚೌಕ

ನಮ್ಮ ಶಾಲೆಯ ಲೆಕ್ಕದ ಮೇಷ್ಟ್ರ ಹತ್ತಿರ ಗೋಳು ಹೇಳಿಕೊಂಡೆ. ಅವರು ಚಾಕ್‌ಪೀಸ್ ಹಿಡಿದೇ ಬಿಡಿಸಿ ಹೇಳಿದರು. "ಕೈಯಲ್ಲಿ ದುಡ್ಡು ಸೇರಿದಾಗ ಅಸಲಿಗೆ ಕಟ್ಟಿ. ಕಂತು ಕಮ್ಮಿ ಮಾಡಿಸ್ಬೇಡಿ, ವರ್ಷ ಕಮ್ಮಿ ಮಾಡಿಸಿ. ಅದೊಂದು ನೆನಪಿಟ್ಕೊಳಿ."

ಚೀಟಿ ಎತ್ತಿದ ಒಂದೂವರೆ ಲಕ್ಷ ಇತ್ತು. ನನಗೆ ಶಾಲೆಯಲ್ಲಿ ಪರೀಕ್ಷೆ ಫೀಸು ತಗೊಳ್ಳೋ ದಿನ, ರಜ ಸಿಗಲಿಲ್ಲ. ಯಜಮಾನರನ್ನು ಕಳಿಸಿದೆ. ಬ್ಯಾಂಕಿನ ಅರ್ಜಿಯಲ್ಲಿ ಎರಡು ಚೌಕ ಇರುತ್ತೆ, ಒಂದು ಕಂತು ಕಡಿಮೆ ಮಾಡೋಕೆ, ಇನ್ನೊಂದು ವರ್ಷ ಕಡಿಮೆ ಮಾಡೋಕೆ, ಎರಡನೇದಕ್ಕೆ ಟಿಕ್ ಹಾಕಿ ಅಂತ ಹೊರಡುವಾಗ ಮೂರು ಸಲ ಹೇಳಿದ್ದೆ.

ಸಾಯಂಕಾಲ ನಾನು ಮನೆಗೆ ಬಂದರೆ ಅರ್ಧ ಕೆ.ಜಿ. ಮೈಸೂರ್‌ಪಾಕ್ ತಂದಿಟ್ಟಿದ್ದರು. "ತಿಂಗಳಿಗೆ ಸಾವಿರದ ಇನ್ನೂರು ಕಮ್ಮಿ ಮಾಡಿಸ್ಬಿಟ್ಟೆ ಕಣೆ."

"ವರ್ಷ?"

"ವರ್ಷಕ್ಕೇನೂ ಆಗಿಲ್ಲ. ಹಾಗೇ ಇದೆ."

ನಾನು ಚಪ್ಪಲಿ ಕೂಡ ಬಿಡದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೂರು ವರ್ಷ ಚೀಟಿ ಕಟ್ಟಿದ ದುಡ್ಡು ಅದು. ಆದರೂ ಅವರ ಮುಖ ನೋಡಿ ಬಯ್ಯೋಕೆ ಮನಸ್ಸು ಬರಲಿಲ್ಲ. "ಹೋಗ್ಲಿ ಬಿಡಿ" ಅಂದೆ. "ಉಳಿಯೋ ಸಾವಿರದ ಇನ್ನೂರನ್ನ ತಿಂಗಳು ತಿಂಗಳು ಎತ್ತಿಟ್ಟು ನಾವೇ ಅಸಲಿಗೆ ಕಟ್ಟೋಣ."

"ಅದು ಆಗಲ್ವಲ್ಲ" ಅಂದರು.

"ಯಾಕೆ?"

ಅಷ್ಟರಲ್ಲಿ ಬೀದಿಯಲ್ಲಿ ಗೂಡ್ಸ್ ಆಟೋ ನಿಂತಿತು. ಇಬ್ಬರು ಬಾಗಿಲಗಲದ ಡಬ್ಬ ಇಳಿಸಿದರು. ಯಜಮಾನರು ನನ್ನ ಮುಖ ನೋಡದೆ ಹೇಳಿದರು. "ಟೀವಿ. ಕಂತು ಸಾವಿರದ ಇನ್ನೂರೇ."

ಕೇಳಬೇಕಿತ್ತು

ಇನ್ನೊಂದು ಬ್ಯಾಂಕಿನವರು ಕಡಿಮೆ ಬಡ್ಡಿಗೆ ಸಾಲ ವರ್ಗ ಮಾಡಿಕೊಳ್ತಾರೆ ಅಂತ ಗೊತ್ತಾಯಿತು. ಅದಕ್ಕೆ ಹಳೇ ಬ್ಯಾಂಕಿನಿಂದ ಬಾಕಿಯ ಪತ್ರ ಬೇಕು. ಕೇಳೋಕೆ ಹೋದಾಗ, ಐದು ವರ್ಷದಲ್ಲಿ ಮೊದಲ ಸಲ, ಮ್ಯಾನೇಜರ್ ನಮಗೆ ಕಾಫಿ ತರಿಸಿದರು.

"ಯಾಕೆ ಮೇಡಂ ಬಿಟ್ಟು ಹೋಗ್ತೀರಾ? ಒಂದು ಅರ್ಜಿ ಕೊಟ್ಟು ಸ್ವಲ್ಪ ಶುಲ್ಕ ಕಟ್ಟಿದ್ರೆ ನಾವೇ ಬಡ್ಡಿ ಇಳಿಸ್ತಿದ್ವಲ್ಲ."

"ಯಾವಾಗಿಂದ ಸಾರ್ ಇದು?"

"ಒಂದ್ಮೂರು ವರ್ಷ ಆಯ್ತು."

ಆ ಮೂರು ವರ್ಷವೂ ಶಾಲೆಯ ದುಡ್ಡು ಜಮಾ ಮಾಡೋಕೆ ನಾನು ವಾರಕ್ಕೆರಡು ಸಲ ಅಲ್ಲಿಗೆ ಹೋಗಿದ್ದೆ. ಹೋದಾಗಲೆಲ್ಲ ಅವರು ಊಟ ಆಯ್ತಾ ಅಂತ ವಿಚಾರಿಸಿದ್ದರು.

"ನಮಗೆ ಹೇಳ್ಲೇ ಇಲ್ವಲ್ಲ ಸಾರ್."

"ನೀವು ಕೇಳ್ಲೇ ಇಲ್ವಲ್ಲ ಮೇಡಂ."

"ಗೊತ್ತಿದ್ರೆ ತಾನೇ ಕೇಳೋದು?"

"ಕೇಳಿದ್ರೆ ತಾನೇ ಗೊತ್ತಾಗೋದು?"

ಯಜಮಾನರು ಕಾಫಿ ಲೋಟ ಕೆಳಗಿಟ್ಟು ವಿನಯದಿಂದ ಕೇಳಿದರು. "ಸಾರ್, ನಾವು ಇನ್ನೂ ಏನೇನು ಕೇಳಬೇಕು ಅನ್ನೋದಕ್ಕೆ ಒಂದು ಪಟ್ಟಿ ಸಿಗುತ್ತಾ?"

"ಸಿಗುತ್ತೆ ಸಾರ್. ಅದಕ್ಕೂ ಒಂದು ಅರ್ಜಿ ಕೊಡಿ."

ಅಳತೆಯವರು ಬಂದ ದಿನ

ಮೇಷ್ಟ್ರು ಎರಡೂ ಕಡೆಯ ಲೆಕ್ಕ ಹಾಕಿಕೊಟ್ಟರು. ಹಳೇ ಬ್ಯಾಂಕು ಇಳಿಸಿದ ಮೇಲೂ ಹೊಸದರ ಬಡ್ಡಿಯೇ ಕಡಿಮೆ, ಕಾಗದಪತ್ರದ ಖರ್ಚು ಒಂದು ವರ್ಷದಲ್ಲಿ ವಾಪಸ್ ಬರುತ್ತೆ. ವರ್ಗ ಮಾಡೋದು ಅಂತ ತೀರ್ಮಾನವಾಯಿತು. ಕೊನೆಗೆ ಅದು ಆಯಿತು ಕೂಡ. ಕಂತು ಎರಡು ಸಾವಿರ ಏರಿಸಿಕೊಂಡು ಹದಿನಾಲ್ಕು ವರ್ಷಕ್ಕೆ ಇಳಿಸಿಕೊಂಡೆವು. ಈ ಸಲ ಟಿಕ್ ನಾನೇ ಹಾಕಿದೆ. ಆದರೆ ಅದಕ್ಕೆ ಮೊದಲು, ಮನೆಯ ಬೆಲೆ ಕಟ್ಟೋಕೆ ಹೊಸ ಬ್ಯಾಂಕಿನವರು ಒಬ್ಬ ಎಂಜಿನಿಯರನ್ನು ಕಳಿಸಿದ್ದರು.

ಬಿಳಿ ಷರಟು, ಕೈಯಲ್ಲಿ ಅಳತೆ ಟೇಪು. ಹಾಲ್‌ನಲ್ಲಿ ನಿಂತವರು ಗೋಡೆ ಮುಟ್ಟಿ ನೋಡಿ, "ಏನ್ರೀ, ಮನೆ ಅದುರ್ತಾ ಇದೆ" ಅಂದರು. ಕೆಳಗೆ ನಾಲ್ಕು ಮಗ್ಗ ಓಡ್ತಾ ಇದ್ದರೆ ಅದುರದೆ ಇರುತ್ತಾ? ಬೆಲೆ ಕಡಿಮೆ ಬರೆದರೆ ಸಾಲ ಸಿಗೋದಿಲ್ಲ ಅಂತ ಹೆದರಿ ಯಜಮಾನರು ಓಡಿಹೋಗಿ ನಾಲ್ಕನ್ನೂ ನಿಲ್ಲಿಸಿದರು.

ನಮ್ಮ ಬೀದಿಯಲ್ಲಿ ಕರೆಂಟು ಇದ್ದೂ ಹಗಲು ಹೊತ್ತಿನಲ್ಲಿ ಒಂದು ಮನೆಯ ಮಗ್ಗ ಪೂರ್ತಿ ನಿಂತರೆ ಅದಕ್ಕೆ ಒಂದೇ ಅರ್ಥ. ಆ ಮನೆಯಲ್ಲಿ ಸಾವಾಗಿದೆ. ನಮ್ಮತ್ತೆಗೆ ಎಂಬತ್ತೆರಡು. ಹಿಂದಿನ ವಾರ ಜ್ವರ ಬೇರೆ ಬಂದಿತ್ತು.

ಹತ್ತು ನಿಮಿಷದಲ್ಲಿ ಅಕ್ಕಪಕ್ಕದ ಮಗ್ಗಗಳೂ ಒಂದೊಂದಾಗಿ ನಿಂತವು. ನಾವು ತಾರಸಿ ಮೇಲೆ ನೀರಿನ ಟ್ಯಾಂಕ್ ತೋರಿಸಿ ಇಳಿಯೋ ಹೊತ್ತಿಗೆ ಹಾಲ್ ತುಂಬ ಜನ. ನಮಗಿಂತ ಮುಂದೆ ಇಳಿದ ಎಂಜಿನಿಯರನ್ನು ಡಾಕ್ಟರು ಅಂದುಕೊಂಡು ಎದುರುಮನೆ ಅಜ್ಜಿ ಮೆಲ್ಲಗೆ ಕೇಳಿದಳು. "ಮುಗೀತಾ ಸ್ವಾಮಿ?"

"ಮುಗೀತಮ್ಮ" ಅಂದರು ಎಂಜಿನಿಯರು, ಟೇಪು ಸುತ್ತಿಕೊಳ್ತಾ. "ಅಳತೆ ತಗೊಂಡಿದ್ದೀನಿ. ಸಾಯಂಕಾಲದೊಳಗೆ ಕಳಿಸ್ಬಿಡ್ತೀನಿ."

ಅಜ್ಜಿ ಗೊಳೋ ಅಂತ ಅತ್ತಳು. ಅವಳ ಹಿಂದಿದ್ದವರೂ ಶುರು ಮಾಡಿದರು. ಸದ್ದು ಕೇಳಿ, ಹಿಂದಿನ ಬಾಲ್ಕನಿಯಲ್ಲಿ ಅವರೆಕಾಯಿ ಸುಲೀತಾ ಕೂತಿದ್ದ ನಮ್ಮತ್ತೆ ಮೊರದ ಸಮೇತ ಒಳಗೆ ಬಂದರು. ಯಾರೋ ಒಬ್ಬರು ತಾವು ತಂದಿದ್ದ ಹೂವಿನ ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ವಿಷಯ ಏನು ಅಂತ ನಾನು ತಡವರಿಸ್ತಾ ಹೇಳೋಕೆ ಹೊರಟೆ. ನಮ್ಮತ್ತೆಗೆ ಆಗಲೇ ಅರ್ಥವಾಗಿತ್ತು. ಎಲ್ಲರಿಗೂ ಕೂತ್ಕೊಳ್ಳೋಕೆ ಹೇಳಿ, ಎದುರುಮನೆ ಅಜ್ಜಿಯ ಭುಜ ತಟ್ಟಿ ಸಮಾಧಾನ ಮಾಡಿದರು.

"ಅಳ್ಬೇಡ ಕಣಮ್ಮ. ಹೋಗ್ತಿರೋದು ನಾನಲ್ಲ, ಇವರ ಸಾಲ. ಅದೂ ಎಲ್ಲಿಗೂ ಹೋಗಲ್ಲ, ಇನ್ನೊಂದು ಬ್ಯಾಂಕಿಗೆ ಹೋಗುತ್ತೆ."